ಪೊಲೀಸ್ ಬರಲ್ವಂತೆ!

"ಪೊಲೀಸ್ ಬರಲ್ಲ ಕಣೋ. ನೀನು ಸುಮ್ನೆ ಹೋಗಿ ನಿಂತ್ಕೊ, ಸಾಕು" ಎಂದ ಸೀನ, ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸುತ್ತ.

ಭಾನುವಾರ ಬೆಳಿಗ್ಗೆ. ಮಕ್ಕಳು ಒಳಗೆ ಕನ್ನಡ ತರಗತಿಯಲ್ಲಿ ಒತ್ತಕ್ಷರಗಳ ಜೊತೆ ಗುದ್ದಾಡುತ್ತಿದ್ದವು. ದೊಡ್ಡವರು ಹೊರಗೆ ಪಾರ್ಕಿಂಗ್ ಲಾಟಿನಲ್ಲಿ, ಡಿಕ್ಕಿಯಿಂದ ತೆಗೆದ ಮಡಚುವ ಕುರ್ಚಿಗಳ ಮೇಲೆ. (ಕ್ಯಾಲಿಫೋರ್ನಿಯಾದಲ್ಲಿ ಕನ್ನಡ ಉಳಿದಿದ್ದರೆ ಅದು ಒಳಗಿನ ತರಗತಿಯಿಂದಲ್ಲ, ಈ ಪಾರ್ಕಿಂಗ್ ಲಾಟಿನಿಂದ.)

"ಬರಲ್ಲ ಅಂತ ಯಾರು ಹೇಳಿದ್ದು?" ಪದ್ಮ ಕೇಳಿದಳು.

"ಎಲ್ಲರೂ ಹೇಳ್ತಾರೆ. ಟಿಕೆಟ್ ಕೊಟ್ಟ ಪೊಲೀಸ್ ಬರಲಿಲ್ಲ ಅಂದ್ರೆ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲ ಅಂದ್ರೆ ಕೇಸ್ ವಜಾ."

"ಆ ಎಲ್ಲರಲ್ಲಿ ಒಬ್ಬರಾದರೂ ಕೋರ್ಟಿನ ಮೆಟ್ಟಿಲು ಹತ್ತಿದ್ದಾರಾ?"

ಸೀನ ಕಾಫಿ ಊದಿ ಊದಿ ಕುಡಿದ. ಅಷ್ಟೇನೂ ಬಿಸಿ ಇರಲಿಲ್ಲ.

"ದೇವರು ಬರ್ತಾನೆ ಅಂತ ಕಾದು ಕೂತ ಭಕ್ತರನ್ನು ಊರಲ್ಲಿ ನೋಡಿದ್ದೆ. ಪೊಲೀಸ್ ಬರಲ್ಲ ಅಂತ ಕಾದು ಕೂರೋ ಭಕ್ತರನ್ನು ಇಲ್ಲಿಗೆ ಬಂದಮೇಲೇ ನೋಡಿದ್ದು. ಅವನಿಗೆ ಕೋರ್ಟಿಗೆ ಬರೋದೂ ಡ್ಯೂಟಿನೇ ರೀ, ಸಂಬಳ ಸಿಗುತ್ತೆ. ಹೋಗೋದು ನಮ್ಮ ರಜೆ" ಎಂದಳು ಪದ್ಮ.

ಮೂರ್ತಿ ಏನೂ ಹೇಳಲಿಲ್ಲ. ಅವನ ತೊಡೆಯ ಮೇಲೆ ಒಂದು ನೀಲಿ ಫೈಲಿತ್ತು, ಟ್ಯಾಗು ಹಾಕಿದ್ದು. ಗಂಟೆಗೆ 65 ಮೈಲಿ ಮಿತಿಯ ರಸ್ತೆಯಲ್ಲಿ 78ಕ್ಕೆ ಹೋದ ಒಂದೇ ಒಂದು ಟಿಕೆಟ್ಟಿಗೆ ಹತ್ತು ತಿಂಗಳಲ್ಲಿ ಅಷ್ಟು ದಪ್ಪ ಫೈಲ್ ಬೆಳೆಯುತ್ತದೆ ಅಂತ ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ.

"ಮೂರ್ತಿ ಅವ್ರೆ, ನಂಗೆ ಅರ್ಥ ಆಗದೇ ಇರೋದು ಇದು" ಎಂದಳು ಪದ್ಮ. "ಮೊದಲು ಕೋರ್ಟಿಗೆ ಹೋಗದೆ ಬರೆದು ಕಳಿಸಿ ವಾದ ಮಾಡಿದಿರಿ. ಅದಕ್ಕೆ ಪೂರ್ತಿ ದುಡ್ಡು ಮುಂಗಡ ಕಟ್ಟಿದಿರಿ. ಸೋತಿರಿ. ಸೋತಮೇಲೆ 20 ದಿನದೊಳಗೆ ಅರ್ಜಿ ಹಾಕಿ, ಹೊಸದಾಗಿ ವಿಚಾರಣೆ ಆಗಲಿ ಅಂದಿರಿ. ಈಗ ಮಂಗಳವಾರ ಖುದ್ದಾಗಿ ಹೋಗ್ತೀರಿ. ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ನೀವು ಸೋತೂ ಸಾಯದೆ ಓಡಾಡ್ತಾ ಇದೀರ. ಎಂಟು ಗಂಟೆಯ ಟ್ರಾಫಿಕ್ ಸ್ಕೂಲ್ ಆನ್‌ಲೈನಲ್ಲಿ ಮಾಡಿದ್ರೆ ಲೈಸೆನ್ಸಿಗೆ ಬೀಳೋ ಪಾಯಿಂಟ್ ಇನ್ಶೂರೆನ್ಸಿನವರ ಕಣ್ಣಿಗೆ ಬೀಳ್ತಿರಲಿಲ್ಲ. 18 ತಿಂಗಳಿಗೊಂದು ಸಲ ಬಿಡ್ತಾರೆ. ಬಿಡಬೇಕಿತ್ತು ತಾನೇ?"

"ಪ್ರಶ್ನೆ ದುಡ್ಡಿನದ್ದಲ್ಲ" ಎಂದ ಸೀನ, ಮೂರ್ತಿಯ ಪರವಾಗಿ.

"ಗೊತ್ತು. ಆತ್ಮಗೌರವದ್ದು. ಈಗ ಯಾರಿಗೂ ಟಿಕೆಟ್ ಬರಲ್ಲ, ಎಲ್ಲರಿಗೂ ಅನ್ಯಾಯವೇ ಬರುತ್ತೆ. ಹೋದ ವರ್ಷ ಎಲ್ಲರೂ ಮನೇಲಿ ಬ್ರೆಡ್ ಮಾಡ್ತಿದ್ರು, ಈ ವರ್ಷ ಎಲ್ಲರೂ ಮನೇಲಿ ವಕೀಲರು."

"ದುಡ್ಡಿನದ್ದೂ ಇದೆ ಮಾರಾಯ್ರೆ" ಎಂದರು ಭಟ್ರು. "ಮೂಲ ದಂಡ 35 ಡಾಲರ್. ಕೈಗೆ ಬರುವ ಬಿಲ್ಲು 230 ದಾಟ್ತದೆ. ರಾಜ್ಯದ ಪಾಲು, ಕೌಂಟಿಯ ಪಾಲು, ಕೋರ್ಟ್ ಕಟ್ಟಡ ಕಟ್ಟಲಿಕ್ಕೆ ಪಾಲು, ಡಿಎನ್‌ಎ ನಿಧಿಗೂ ಒಂದು ಪಾಲು."

"ಅದೇ ನಾನೂ ಕೇಳೋದು!" ಸೀನ ಎದ್ದೇ ನಿಂತ. "ಇವನು ಜೋರಾಗಿ ಹೋಗಿದ್ದಕ್ಕೂ ಡಿಎನ್‌ಎಗೂ ಏನು ಸಂಬಂಧ?"

"ಇದೆ" ಎಂದಳು ಪದ್ಮ. "ಇವರ ಮಗನಿಗೆ ಹೋದ ತಿಂಗಳು ಲೈಸೆನ್ಸ್ ಬಂತು. ಅವನ ಪಕ್ಕ ಕೂತು ನೋಡಿ."

ಮೂರ್ತಿ ಮೊದಲ ಸಲ ನಕ್ಕ.

ಸೀನನಿಗೆ ಸಂಬಂಧವಿಲ್ಲದ ಕೇಸಿನಲ್ಲಿ ಸಿಗುವ ಹುರುಪು ಸ್ವಂತ ಕೇಸಿನಲ್ಲಿ ಸಿಗುವುದಿಲ್ಲ. ಅವನು ಫೋನ್ ತೆಗೆದು ತನ್ನ ಅಸ್ತ್ರಗಳನ್ನು ಒಂದೊಂದಾಗಿ ಹೊರಗೆ ಬಿಟ್ಟ. ಮೊದಲನೆಯದು, ಆ ರಸ್ತೆಯ ವೇಗಮಿತಿಗೆ ಆಧಾರವಾದ ಟ್ರಾಫಿಕ್ ಸರ್ವೆ ಎಲ್ಲಿದೆ ಅಂತ ಕೇಳಬೇಕಂತೆ. ಅದು ಊರೊಳಗಿನ ಕೆಲವು ರಸ್ತೆಗಳಿಗೆ, ಫ್ರೀವೇಯ 65ಕ್ಕೆ ಯಾರೂ ಸರ್ವೆ ತೋರಿಸಬೇಕಾಗಿಲ್ಲ ಅಂತ ಭಟ್ರು ಅದನ್ನು ಅಲ್ಲೇ ಮಲಗಿಸಿದರು. ಎರಡನೆಯದು ರೇಡಾರ್.

"ರೇಡಾರ್ ಅಂದ್ರೇನು? ಡಾಪ್ಲರ್ ಅನ್ನೋ ವಿಜ್ಞಾನಿಯ ಲೆಕ್ಕ. ಆತ 1842ರಲ್ಲಿ ಅದನ್ನ ಹೇಳಿದ್ದು ಕಾರಿಗಲ್ಲ, ಜೋಡಿ ನಕ್ಷತ್ರಗಳ ಬಣ್ಣಕ್ಕೆ!"

"ಪಾಪ, ಆಕಾಶ ನೋಡ್ತಿದ್ದವರ ಲೆಕ್ಕ ಬಂದು ಮೂರ್ತಿಯವರ ಬಂಪರಿಗೆ ತಗುಲಿತು" ಎಂದಳು ಪದ್ಮ.

"ಕೇಳು. ಪೊಲೀಸ್ ರಸ್ತೆ ಪಕ್ಕದಲ್ಲಿ ನಿಂತಿರ್ತಾನೆ. ಕಾರು ಅವನ ಕಡೆ ನೇರ ಬರಲ್ಲ, ಓರೆಯಾಗಿ ಬರುತ್ತೆ. ಆ ಕೋನದಿಂದ ರೀಡಿಂಗ್ ತಪ್ಪುತ್ತೆ. ಇದು ವಿಜ್ಞಾನ, ಜಡ್ಜ್ ಏನೂ ಮಾಡೋ ಹಾಗಿಲ್ಲ."

"ತಪ್ಪುತ್ತೆ, ನಿಜ. ಯಾವ ಕಡೆಗೆ ತಪ್ಪುತ್ತೆ?"

ಸೀನ ಫೋನಿನಲ್ಲಿ ಕೆಳಗೆ ಜಾರಿಸಿದ. ಇನ್ನೂ ಕೆಳಗೆ ಜಾರಿಸಿದ.

"ಕಡಿಮೆ ತೋರಿಸುತ್ತೆ ರೀ. ನಿಂತ ಗಾಡಿಯಿಂದ ಹಿಡಿದ್ರೆ ಕೋನ ಯಾವಾಗಲೂ ಓಡಿಸೋರ ಪರ. ಅಂದ್ರೆ ಇವರು ಹೋಗ್ತಿದ್ದಿದ್ದು 79 ಇರಬಹುದು, 80 ಇರಬಹುದು. ಹೋಗಿ ಹೇಳಿ ಜಡ್ಜ್ ಹತ್ರ, 'ಸ್ವಾಮಿ, ನಂಗೆ ಅನ್ಯಾಯ ಆಗಿದೆ, ಎರಡು ಮೈಲಿ ಕಮ್ಮಿ ಬರೆದಿದ್ದಾರೆ' ಅಂತ."

ಭಟ್ರು ನಗು ತಡೆಯಲಾರದೆ ಕೆಮ್ಮಿದರು. ಕೆಮ್ಮಿನ ನಡುವೆಯೇ, ವಿಜ್ಞಾನದಿಂದ ಟಿಕೆಟ್ ತಪ್ಪಿಸಿಕೊಂಡವರೂ ಇದ್ದಾರೆ ಅಂತ ಶುರು ಮಾಡಿದರು. ಸ್ಯಾನ್ ಡಿಯೆಗೊದ ಭೌತವಿಜ್ಞಾನಿ ದ್ಮಿತ್ರಿ ಕ್ರಿಯೂಕೊವ್. ಸ್ಟಾಪ್ ಫಲಕದ ಹತ್ತಿರ ನಿಲ್ಲಿಸಲಿಲ್ಲ ಅಂತ ಟಿಕೆಟ್ ಕೊಟ್ಟಿದ್ದರು. ಆತ 2012ರಲ್ಲಿ ಗ್ರಾಫು, ಸಮೀಕರಣ ಎಲ್ಲ ಹಾಕಿ ನಾಲ್ಕು ಪುಟದ ಪ್ರಬಂಧವನ್ನೇ ಬರೆದರು. ನನಗೆ ಸೀನು ಬಂತು, ಬ್ರೇಕ್ ಜೋರಾಗಿ ಒತ್ತಿದೆ, ನಿಂತೆ, ತಕ್ಷಣ ಹೊರಟೆ, ಆ ಚೂರು ಹೊತ್ತು ಪಕ್ಕದ ಕಾರು ಪೊಲೀಸನ ಕಣ್ಣಿಗೆ ಅಡ್ಡ ಇತ್ತು, ಹಾಗಾಗಿ ಅವನಿಗೆ ನಾನು ನಿಲ್ಲಲೇ ಇಲ್ಲ ಅನ್ನಿಸಿತು. 400 ಡಾಲರ್ ಉಳಿಯಿತು. ಆಮೇಲೆ ಅವರೇ, ನನ್ನ ವಾದದಲ್ಲೊಂದು ಹುಳುಕಿದೆ, ಹುಡುಕಿ ಅಂದರಂತೆ.

"ನೋಡಿದ್ಯಾ?" ಎಂದ ಸೀನ.

"ನೋಡಿದೆ. ಅವರು ಸೀನಿದರು, ಗೆದ್ದರು. ಮೂರ್ತಿ ಅವ್ರ ಹತ್ರ ಇರೋದು ಬರೀ ಸೀನ."

ಇದಾದಮೇಲೆ ಸೀನ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಬಿಡುವಿನಲ್ಲಿ ಭಟ್ರು ಇತಿಹಾಸಕ್ಕೆ ನುಗ್ಗಿದರು. ಈ ದೇಶದಲ್ಲಿ ಜೋರಾಗಿ ಓಡಿಸಿ ಸಿಕ್ಕಿಬಿದ್ದ ಮೊದಲಿಗರಲ್ಲಿ ಜೇಕಬ್ ಜರ್ಮನ್ ಅನ್ನುವ ಟ್ಯಾಕ್ಸಿ ಚಾಲಕ ಒಬ್ಬ, 1899ರಲ್ಲಿ, ನ್ಯೂಯಾರ್ಕಿನಲ್ಲಿ. ಅದೂ ಎಲೆಕ್ಟ್ರಿಕ್ ಟ್ಯಾಕ್ಸಿ. ಗಂಟೆಗೆ 12 ಮೈಲಿ ಹೋಗುತ್ತಿದ್ದ. ಹಿಡಿದ ಪೊಲೀಸ್ ಬಂದದ್ದು ಸೈಕಲ್ಲಿನಲ್ಲಿ.

"ಸೈಕಲ್ಲಿನವನು ಹಿಡಿದ ಅಂದ್ರೆ ಸೈಕಲ್ಲಿನವನೂ 12 ದಾಟಿರಬೇಕು ತಾನೇ? ಅವನಿಗೆ ಟಿಕೆಟ್ ಯಾರು ಕೊಟ್ರು?" ಸೀನ ಮತ್ತೆ ಚಿಗುರಿದ.

"1974ರಲ್ಲಿ ತೈಲ ಇಲ್ಲ ಅಂತ ಇಡೀ ದೇಶಕ್ಕೆ 55 ಮೈಲಿ ಮಾಡಿದ್ರು" ಭಟ್ರಿಗೆ ಅಡ್ಡಪ್ರಶ್ನೆ ಕೇಳಿಸುವುದಿಲ್ಲ. "ನಾನು ಬಂದಾಗಲೂ 55. 1995ರಲ್ಲಿ ತೆಗೆದುಹಾಕಿದ್ರು."

"ಆ ಸುದ್ದಿ ನಿಮ್ಮ ಕಾರಿಗೆ ಇನ್ನೂ ತಲುಪಿಲ್ಲ ಬಿಡಿ ಭಟ್ರೆ."

ಕೊನೆಗೆ ಸೀನನೇ ತಾಲೀಮು ಮಾಡಿಬಿಡೋಣ ಅಂದ. ಒಂದು ಕುರ್ಚಿ ಎಳೆದು ಕಟಕಟೆ ಮಾಡಿದ. ಭಟ್ರು ಜಡ್ಜ್. ಇಂಥ ಕೇಸಿಗೆ ಜ್ಯೂರಿ ಇರುವುದಿಲ್ಲವಾದ್ದರಿಂದ ಪಕ್ಕದ ಕಾರಿನ ಹತ್ತಿರ ನಿಂತಿದ್ದವರನ್ನು ಕರೆಯಬೇಕಾಗಲಿಲ್ಲ. ಪದ್ಮ ಪೊಲೀಸ್. ಅವಳು ತಂಪು ಕನ್ನಡಕ ಹಾಕಿಕೊಂಡು ಕೂತಳು.

"ಆಫೀಸರ್, ಆ ದಿನ ಹವಾಮಾನ ಹೇಗಿತ್ತು?" ಸೀನ ಪಾಟೀಸವಾಲು ತೆಗೆದ.

"ಚೆನ್ನಾಗಿತ್ತು. 78 ಮೈಲಿಯಲ್ಲೂ ಚೆನ್ನಾಗಿತ್ತು."

"ರೇಡಾರ್ ಗನ್ ಸರಿ ಇದೆ ಅಂತ ಹೇಗೆ ನೋಡಿದಿರಿ?"

"ಟ್ಯೂನಿಂಗ್ ಫೋರ್ಕ್ ತಟ್ಟಿ ಅದರ ಮುಂದೆ ಹಿಡಿದೆ. ಫೋರ್ಕಿನ ಮೇಲೆ ಬರೆದಷ್ಟೇ ಸ್ಪೀಡ್ ತೋರಿಸಿತು. ಕಛೇರಿಗೆ ಮುಂಚೆ ಶ್ರುತಿ ಹಿಡಿಯಲ್ವಾ, ಹಾಗೆ."

"ಸುತ್ತ ಎಲ್ಲರೂ ಅದೇ ಸ್ಪೀಡಲ್ಲಿದ್ರು. ಇವರನ್ನೇ ಯಾಕೆ ಹಿಡಿದಿರಿ?"

"ಮೀನು ಹಿಡಿಯೋನನ್ನ ಕೆರೆಯ ಮೀನೆಲ್ಲ ಯಾಕೆ ಹಿಡಿಯಲಿಲ್ಲ ಅಂತ ಕೇಳ್ತೀರಾ ವಕೀಲರೇ?"

ಜಡ್ಜ್ ಸಾಹೇಬರು ಕುರ್ಚಿಯಿಂದ ಜಾರುವಷ್ಟು ನಕ್ಕರು. ಕೇಸ್ ಅಲ್ಲಿಗೇ ಬಿದ್ದುಹೋಗಿತ್ತು. ಸೀನ ಮಾತ್ರ ಬಿಡುವವನಲ್ಲ. "ಬರೆದು ಕಳಿಸಿದ ವಾದ ಸೋತಿದ್ದೇ ತಪ್ಪಾಯ್ತು. ಎಐ ಹತ್ರ ಎಷ್ಟು ಚೆನ್ನಾಗಿ ಬರೆಸಿಕೊಟ್ಟಿದ್ದೆ! ಹಳೇ ತೀರ್ಪು ಕೂಡ ಹಾಕಿತ್ತು. ಇವನು ತೆಗೆದುಬಿಟ್ಟ."

"ಆ ತೀರ್ಪು ಎಲ್ಲೂ ಇರಲಿಲ್ಲ ಕಣೋ" ಎಂದ ಮೂರ್ತಿ. "ಅಪ್ಪ ಫೋನಲ್ಲಿ ಓದಿಸಿದ್ರು. ಸೈಟೇಷನ್ ನಂಬರ್ ಎರಡು ಸಲ ಹೇಳು ಅಂದ್ರು. ಆಮೇಲೆ, ಇದು ವಾಸನೆ ಹೊಡೀತಿದೆ, ಹುಡುಕು ಅಂದ್ರು. ಹುಡುಕಿದೆ. ಇರಲಿಲ್ಲ."

"ನಿಮ್ಮ ತಂದೆಗೆ ಇದೆಲ್ಲ ಗೊತ್ತಾ?"

"ಅವರ ಎದುರಿಗೇ ಆಗಿದ್ದಲ್ವಾ."

ಮೂರ್ತಿ ಆವತ್ತಿನ ಕತೆ ಹೇಳಿದ. ಸ್ಯಾಕ್ರಮೆಂಟೊದಿಂದ ವಾಪಸ್ ಬರುವಾಗ ಅಪ್ಪ ಹಿಂದಿನ ಸೀಟಿನಲ್ಲಿದ್ದರು. ತಾಲ್ಲೂಕು ಕೋರ್ಟಿನಲ್ಲಿ 34 ವರ್ಷ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ಪೊಲೀಸ್ ಕಿಟಕಿಗೆ ಬಂದಾಗ ಅವನಿಗೊಂದು ನಮಸ್ಕಾರ ಮಾಡಿದರು. ಅವನು ಟಿಕೆಟ್ ಚಾಚಿ ಸಹಿ ಕೇಳಿದ್ದೇ ತಡ, ಹಿಂದಿನಿಂದ "ಓದದೆ ಸಹಿ ಹಾಕಬೇಡ!" ಅಂತ ಗುಡುಗಿದರು. ಕೈ ಚಾಚಿ ಕಾಗದ ಇಸಕೊಂಡರು. ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು, ಒಳಗಿನ ಬಟ್ಟೆಯಿಂದ ಗಾಜು ಒರೆಸಿದರು, ಹಾಕಿಕೊಂಡು ಓದತೊಡಗಿದರು. ಪಕ್ಕದಲ್ಲಿ ಕಾರುಗಳು ಝೊಯ್ಯೆಂದು ಹೋಗುತ್ತಿವೆ, ಒಂದೊಂದೂ 80ರಲ್ಲಿ. ಪೊಲೀಸ್ ಪಾಪ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾನೆ. ಅಪ್ಪ ಹಿಂದಿನ ಪುಟವನ್ನೂ ತಿರುವಿ ನೋಡಿ, "ಇದು ತಪ್ಪೊಪ್ಪಿಗೆ ಅಲ್ಲ, ಹಾಜರಾಗ್ತೀನಿ ಅನ್ನೋ ಮುಚ್ಚಳಿಕೆ ಅಷ್ಟೇ. ಡ್ರಾಫ್ಟಿಂಗ್ ಚೆನ್ನಾಗಿದೆ. ಹಾಕು" ಅಂದರಂತೆ.

"ಊರಿಗೆ ಹೋಗೋವಾಗ ಟಿಕೆಟಿನ ಜೆರಾಕ್ಸ್ ತಗೊಂಡು ಹೋದ್ರು. ಈ ಫೈಲಿನ ಟ್ಯಾಗೂ ಅವರೇ ಹಾಕಿದ್ದು."

ಫೈಲನ್ನು ಎಲ್ಲರೂ ಒಂದು ಸಲ ನೋಡಿದರು.

"ಆಯ್ತು ಬಿಡೋ" ಎಂದ ಸೀನ, ಬೆನ್ನು ತಟ್ಟಿ. "ಗೆಲ್ಲು, ಸೋಲು. ಮಂಗಳವಾರಕ್ಕೆ ಮುಗಿದುಹೋಗುತ್ತೆ. ಪೀಡೆ ಕಳೀತು."

ಮೂರ್ತಿ ಟ್ಯಾಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಮೊದಲೆಲ್ಲ ಫೋನ್ ಅಮ್ಮನ ಕೈಯಲ್ಲೇ ಇರ್ತಿತ್ತು" ಎಂದ. "ಅಪ್ಪ ಹಿಂದಿನಿಂದ 'ನಾನೂ ಕೇಳಿದೆ ಅಂತ ಹೇಳು' ಅಂತಿದ್ರು, ಅಷ್ಟೇ. ಅಮ್ಮ ಹೋದಮೇಲೆ ಫೋನ್ ಅವರೇ ತಗೋಬೇಕಾಯ್ತು. ಊಟ ಆಯ್ತಾ, ಆಯ್ತು. ಮಳೆ ಬಂತಾ, ಬಂತು. ಮಕ್ಕಳು ಹೇಗಿದಾರೆ, ಚೆನ್ನಾಗಿದಾರೆ. ಇಡಲಾ, ಇಡು. ಎರಡು ನಿಮಿಷ ಆಗ್ತಿರಲಿಲ್ಲ. ಈಗ ಭಾನುವಾರ ಅಂದ್ರೆ ನಲವತ್ತು ನಿಮಿಷ. ಪೊಲೀಸ್ ಏನು ಬರೆದಿದಾನೆ, ವಾಯ್ದೆ ಕೊಟ್ರಾ, ಮುಂದಿನ ತಾರೀಖು ಯಾವಾಗ... ಟ್ರಾಫಿಕ್ ಸ್ಕೂಲ್ ಮಾಡಿದ್ರೆ ಎಂಟು ಗಂಟೇಲಿ ಮುಗೀತಿತ್ತು. ಗೊತ್ತು ನಂಗೂ."

ಯಾರೂ ಏನೂ ಅನ್ನಲಿಲ್ಲ. ಭಟ್ರು ಫ್ಲಾಸ್ಕ್ ಅಲ್ಲಾಡಿಸಿ ನೋಡಿದರು. ಖಾಲಿ.

ಅಷ್ಟರಲ್ಲಿ ಫೈಲಿನ ಮೇಲಿದ್ದ ಫೋನ್ ಬಡಿದುಕೊಂಡಿತು. ಇಲ್ಲಿ ಹತ್ತೂವರೆ, ಅಲ್ಲಿ ರಾತ್ರಿ ಹನ್ನೊಂದು. ಒಂಬತ್ತೂವರೆಗೆ ದೀಪ ಆರಿಸುವ ಮನುಷ್ಯ.

"ಹೇಳಿ ಅಪ್ಪ" ಎಂದು ಮೂರ್ತಿ ಸ್ಪೀಕರ್ ಹಾಕಿದ.

"ಮಂಗಳವಾರದ್ದೇನಾಯ್ತು? ಪೊಲೀಸ್ ಬರ್ತಾನಂತಾ?" ಮುಂಚೆಯೇ ಬರೆದಿಟ್ಟುಕೊಂಡಿರಬೇಕು, ಕಾಗದ ಸರಿಸಿದ ಸದ್ದು ಕೇಳಿಸಿತು. "ಆ ಫೋರ್ಕಿನ ವಿಷಯ ಕೇಳಬೇಕು ನೋಡು. ತಟ್ಟಿದ್ದು ಶಿಫ್ಟಿಗೆ ಮುಂಚೆಯೋ, ಆಮೇಲೋ, ಎರಡು ಸಲವೋ? ನಮ್ಮಲ್ಲಿ ಒಬ್ಬ ವಕೀಲರಿದ್ರು, ಇದೊಂದನ್ನೇ ಅರ್ಧ ದಿನ ಕೇಳ್ತಿದ್ರು. ನಾನು ಕೆಳಗೆ ಕೂತು ಬರ್ಕೊಳ್ತಿದ್ದೆ." ಒಂದು ಚೂರು ತಡೆದು, "ನಂಗೇ ಕೇಳಬೇಕು ಅನ್ನಿಸ್ತಿತ್ತು ಒಂದೊಂದು ಸಲ" ಅಂದರು.

ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಓಡಿಬಂದವು. ಪದ್ಮ ಮಡಚಿ ಕೈಯಲ್ಲಿ ಹಿಡಿದಿದ್ದ ಕುರ್ಚಿಯನ್ನು ಮತ್ತೆ ಬಿಡಿಸಿದಳು. ತಲೆಯ ಮೇಲಿದ್ದ ತಂಪು ಕನ್ನಡಕವನ್ನು ಕಣ್ಣಿಗೆ ಇಳಿಸಿ ಕೂತಳು.

"ನಮಸ್ಕಾರ. ಆ ಪೊಲೀಸ್ ಇಲ್ಲೇ ಬಂದು ಕೂತಿದಾನೆ" ಎಂದಳು ಫೋನಿನ ಕಡೆ ಬಗ್ಗಿ. "ಕೇಳಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕುರ್ಚಿ ಎಳೆದದ್ದು, ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಸಾಕ್ಷಿಯ ಹೆಸರು?"