"ಡೀಸೆಲ್ ಹೊಗೆಯಿಂದ ಏನೂ ಆಗಲ್ಲ" ಅನ್ನುವ ಅಪ್ಪನಿಗೆ ಹೇಗೆ ಹೇಳಲಿ? ನಿಮ್ಮ ಅನುಭವ ತಿಳಿಸಿ

ನಮ್ಮ ಅಪ್ಪ ಮೂವತ್ತು ವರ್ಷದಿಂದ ಡೀಸೆಲ್ ಎಂಜಿನ್ ಮೆಕ್ಯಾನಿಕ್. ಈಗ ನನ್ನ ತಮ್ಮನೂ ಅವರ ಜೊತೆ ಸೇರಿದ್ದಾನೆ. ಅವನಿಗೆ ಹತ್ತೊಂಬತ್ತು. ಶೆಡ್ಡಿಗೆ ಒಂದೇ ಬಾಗಿಲು. ಮಳೆ ಬಂದರೆ ಶಟರ್ ಅರ್ಧ ಎಳೆದು ಒಳಗೇ ಎಂಜಿನ್ ಓಡಿಸುತ್ತಾರೆ. ಆ ದಿನ ತಮ್ಮ ತಲೆ ಹಿಡಿದುಕೊಂಡೇ ಮನೆಗೆ ಬರುತ್ತಾನೆ. ಹೊಗೆ ಒಳ್ಳೆಯದಲ್ಲ ಅಂದರೆ ಅಪ್ಪನ ಉತ್ತರ ಒಂದೇ. "ನಾನು ಗಟ್ಟಿಯಾಗಿಲ್ವಾ? ನಮಗೆ ಅನ್ನ ಹಾಕಿದ್ದೇ ಈ ಕೆಲಸ. ಕ್ಯಾನ್ಸರ್ ಬರೋದು ಸಿಗರೇಟು ಸೇದೋರಿಗೆ. ನಮ್ಮ ಎಂಜಿನ್ನು ಹೊಗೆಯನ್ನೇ ಬಿಡಲ್ಲ." ಜಗಳ ಆಡದೆ ಮನೆಯವರನ್ನು ಒಪ್ಪಿಸಿದವರು ಯಾರಾದರೂ ಇದ್ದೀರಾ?

ಗ್ಯಾರೇಜಿನವರೊಬ್ಬರು:

ನೋಡಮ್ಮ, ನಿಮ್ಮಪ್ಪ ಆಡುವ ಮಾತನ್ನೇ ನಾನೂ ಆಡುತ್ತಿದ್ದೆ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೇನೆ. ಬೆಳಿಗ್ಗೆ ಮೂಗು ಸೀನಿದರೆ ಕರವಸ್ತ್ರ ಕಪ್ಪಾಗುತ್ತಿತ್ತು. ಅದನ್ನು ಯಾವತ್ತೂ ಕಾಯಿಲೆ ಅಂದುಕೊಳ್ಳಲಿಲ್ಲ, ಕೆಲಸದ ಗುರುತು ಅಂದುಕೊಂಡೆ.

ನನ್ನ ಮನಸ್ಸು ಬದಲಾಗಿದ್ದು ಒಂದು ಟ್ಯೂಬ್‌ಲೈಟಿನಿಂದ. ಅದನ್ನು ಬದಲಾಯಿಸಲು ಏಣಿ ಹತ್ತಿದ್ದೆ. ಆಸರೆಗೆ ಅಂತ ತೊಲೆ ಹಿಡಿದರೆ ಕೈ ಜಾರಿತು. ನೋಡಿದರೆ ತೊಲೆಯ ಮೇಲೆ ಮಸಿ. ಮೇಲಿನ ಪದರ ಹಿಟ್ಟಿನ ಹಾಗೆ ನುಣ್ಣಗೆ, ಅಡಿಯಲ್ಲಿ ಅಂಟು ಅಂಟು. ಬೆರಳಲ್ಲಿ ಗೀರಿದರೆ ಸುರುಳಿಯಾಗಿ ಎದ್ದು ಬರುತ್ತಿತ್ತು. ನಮ್ಮ ಶೆಡ್ಡಲ್ಲಿ ಯಾರೂ ಒಲೆ ಹಚ್ಚಿರಲಿಲ್ಲ. ಸೌದೆ ಸುಟ್ಟಿರಲಿಲ್ಲ. ಅಷ್ಟೂ ಸೈಲೆನ್ಸರಿಂದ ಬಂದದ್ದು. ಏಣಿಯ ಮೇಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ತೊಲೆ ಉಸಿರಾಡುವುದಿಲ್ಲ, ಆದರೂ ಇಷ್ಟು ಹಿಡಿದಿದೆ. ನಾನು ಉಸಿರಾಡುತ್ತಿದ್ದೇನಲ್ಲ ಅನ್ನಿಸಿತು.

ಮರುದಿನ ಚೆನ್ನಾಗಿ ಟ್ಯೂನ್ ಆಗಿದ್ದ ಎಂಜಿನ್ನನ್ನು ಹೊರಗೆ ನಿಲ್ಲಿಸಿ, ಸೈಲೆನ್ಸರಿನಿಂದ ಒಂದು ಮೊಳ ದೂರಕ್ಕೆ ಬಿಳಿ ಬನಿಯನ್ ಬಟ್ಟೆ ಕಟ್ಟಿದೆ. ಕಣ್ಣಿಗೆ ಹೊಗೆಯೇ ಇಲ್ಲ. ಹತ್ತು ನಿಮಿಷದಲ್ಲಿ ಬಟ್ಟೆ ಮೇಲೆ ಬೂದು ಬಣ್ಣದ ದುಂಡು ಕಲೆ. ಹುಡುಗರೆಲ್ಲ ಬಂದು ನೋಡಿದರು. ನಾನು ಏನೂ ಹೇಳಲಿಲ್ಲ.

ನಿಮ್ಮಪ್ಪನಿಗೆ ಓದಿದ್ದನ್ನು ಹೇಳಬೇಡಿ. ತೊಲೆ ತೋರಿಸಿ.

ಆಮೇಲೆ ಮಾಡಿದ್ದು ಇಷ್ಟೇ: ಸೈಲೆನ್ಸರಿಗೆ ಬಿಸಿ ತಡೆಯುವ ಹೋಸ್ ಹಾಕಿ ಗೋಡೆಯಿಂದ ಆಚೆ ಬಿಟ್ಟೆ. ಮೊದಲು ಮನೆಯಲ್ಲಿದ್ದ ಪ್ಲಾಸ್ಟಿಕ್ ಪೈಪ್ ಹಾಕಿ ನೋಡಿದ್ದೆ. ಐದೇ ನಿಮಿಷಕ್ಕೆ ಮೆತ್ತಗಾಗಿ ಕರಗಿತು. ಹಾಗೆ ಮಾಡಬೇಡಿ.

ಕಾರ್ಖಾನೆಯಲ್ಲಿ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ನರ್ಸ್:

ಮೇಲಿನವರು ಹೇಳಿದ್ದು ಸರಿ. ಆದರೆ "ಸಿಗರೇಟು ಸೇದೋರಿಗೆ ಮಾತ್ರ" ಅನ್ನುವುದಕ್ಕೆ ಒಂದು ಗಟ್ಟಿ ಉತ್ತರ ಬೇಕಲ್ವಾ? ನಾನು ಈ ಮಾತು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅಮೆರಿಕದಲ್ಲಿ 8 ಗಣಿಗಳ 12,315 ಕೆಲಸಗಾರರ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ ಬಂದದ್ದು 2012ರಲ್ಲಿ. ಗಣಿಗಳನ್ನು ಸುಮ್ನೆ ಆರಿಸಿರಲಿಲ್ಲ. ಉಪ್ಪು, ಪೊಟ್ಯಾಷ್, ಸುಣ್ಣದಕಲ್ಲು, ಟ್ರೋನಾ (ಸೋಡಾ ಮಾಡುವ ಖನಿಜ) ತೆಗೆಯುವ ಗಣಿಗಳು ಅವು. ಅಲ್ಲಿ ರೇಡಾನ್, ಸಿಲಿಕಾ, ಕಲ್ನಾರು ಕಡಿಮೆ. ಅಂದರೆ ಶ್ವಾಸಕೋಶ ಕೆಡಿಸುವ ಬೇರೆ ಗ್ಯಾಸು, ದೂಳಿನ ಗಲಾಟೆ ಜಾಸ್ತಿ ಇಲ್ಲ, ನೆಲದಡಿ ಓಡುವ ಡೀಸೆಲ್ ಯಂತ್ರಗಳ ಹೊಗೆ ಮಾತ್ರ ಧಾರಾಳ. ಯಾರು ಸೇದುತ್ತಿದ್ದರು, ಎಷ್ಟು ಸೇದುತ್ತಿದ್ದರು ಅನ್ನುವುದನ್ನೂ ವಿಚಾರಿಸಿ ಲೆಕ್ಕಕ್ಕೆ ತೆಗೆದುಕೊಂಡರು. ಆದರೂ ಅತಿ ಹೆಚ್ಚು ಹೊಗೆ ಕುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ, ಅತಿ ಕಡಿಮೆ ಕುಡಿದವರ ಸುಮಾರು ಮೂರು ಪಟ್ಟು ಇತ್ತು. ಸಿಗರೇಟು ಮುಟ್ಟದವರಲ್ಲೂ ಹೊಗೆ ಹೆಚ್ಚಿದ ಹಾಗೆ ಅಪಾಯ ಹೆಚ್ಚಿತ್ತು. ಈ ಅಧ್ಯಯನ ಹೊರಗೆ ಬಾರದಂತೆ ಗಣಿ ಕಂಪನಿಗಳ ಕೂಟ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆದಾಡಿತು. ಜನರಿಗೆ ಅನುಮಾನ ಬರುವುದು ಸುಮ್ನೆ ಅಲ್ಲ. ಅನುಮಾನ ಉಳಿದರೆ ಲಾಭ ಆಗುವವರೂ ಇದ್ದರು.

ಅದೇ ವರ್ಷ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು ಗ್ರೂಪ್ 1ಕ್ಕೆ ಸೇರಿಸಿತು. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಪಟ್ಟಿ. 1988ರಿಂದ ಅಲ್ಲಿಯವರೆಗೆ "ತರುವ ಸಂಭವ ಹೆಚ್ಚು" ಅನ್ನುವ ಪಟ್ಟಿಯಲ್ಲಿತ್ತು. ಇಲ್ಲಿ ಒಂದು ಎಚ್ಚರಿಕೆ. ತಂಬಾಕು ಕೂಡ ಗ್ರೂಪ್ 1ರಲ್ಲೇ ಇದೆ ಅಂತ "ಹೊಗೆಯೂ ಸಿಗರೇಟೂ ಒಂದೇ" ಅನ್ನಬೇಡಿ. ಸಾಕ್ಷಿ ಎಷ್ಟು ಗಟ್ಟಿ ಅಂತ ಆ ಪಟ್ಟಿ ಹೇಳುತ್ತದೆ, ಯಾವುದು ಎಷ್ಟು ಜನರನ್ನು ಕೊಲ್ಲುತ್ತದೆ ಅಂತ ಅಲ್ಲ. ಜಾಸ್ತಿ ಹೇಳಿದರೆ ಅಪ್ಪ ಒಂದು ತಪ್ಪು ಹಿಡಿದು ಉಳಿದದ್ದನ್ನೂ ತಳ್ಳಿಹಾಕುತ್ತಾರೆ.

"ನಾನು ಗಟ್ಟಿಯಾಗಿಲ್ವಾ" ಅನ್ನುವುದಕ್ಕೆ ನಾನು ಹೇಳುವುದು ಹೀಗೆ. ಈ ಕ್ಯಾನ್ಸರ್ ಬರುವುದು ಹೊಗೆ ಕುಡಿದು ಹತ್ತು, ಇಪ್ಪತ್ತು ವರ್ಷ ಆದ ಮೇಲೆ. ಎಲ್ಲರಿಗೂ ಬರುವುದಿಲ್ಲ. ಬಂದವರು ಆ ಹೊತ್ತಿಗೆ ಕೆಲಸ ಬಿಟ್ಟಿರುತ್ತಾರೆ. ಶೆಡ್ಡಲ್ಲಿ ಕಣ್ಣಿಗೆ ಬೀಳುವವರು ಗಟ್ಟಿಯಾಗಿ ಉಳಿದವರು ಮಾತ್ರ.

ತಮ್ಮನ ತಲೆನೋವು ಮಾತ್ರ ಇವತ್ತಿನ ವಿಷಯ. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬರಬೇಕು. ಶಟರ್ ಎಳೆದು ಎಂಜಿನ್ ಓಡಿಸುವುದನ್ನು ನಾಳೆಯಿಂದಲೇ ನಿಲ್ಲಿಸಿ. ಬೇರೆಲ್ಲ ನಿಧಾನಕ್ಕೆ ಆಗಲಿ.

ಅಸ್ತಮಾ ಇರುವವಳು:

ನನಗೆ ಇದು ನಂಬಿಕೆಯ ಪ್ರಶ್ನೆಯೇ ಅಲ್ಲ, ಎದೆ ಹೇಳುತ್ತದೆ. ನಿಂತ ಬಸ್ಸಿನ ಹಿಂದೆ ಎರಡು ನಿಮಿಷ ನಿಂತರೆ ಉಸಿರಿನ ಜೊತೆ ಸಣ್ಣ ಶಿಳ್ಳೆ ಶುರುವಾಗುತ್ತದೆ. "ಎಲ್ಲ ನಿನ್ನ ಮನಸ್ಸಿನ ಭ್ರಮೆ" ಅಂತ ಮನೆಯವರೇ ಹೇಳಿದ್ದಾರೆ. ಆಗ ಲಂಡನ್ನಿನ ಒಂದು ಪ್ರಯೋಗದ ಬಗ್ಗೆ ಓದಿ ಅಳುವೇ ಬಂತು. ಅಸ್ತಮಾ ಇರುವ 60 ಜನರನ್ನು ಒಂದು ದಿನ ಎರಡು ಗಂಟೆ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ನಡೆಸಿದರು. ಅಲ್ಲಿ ಓಡುತ್ತಿದ್ದದ್ದು ಡೀಸೆಲ್ ಬಸ್ಸು, ಟ್ಯಾಕ್ಸಿ. ಇನ್ನೊಂದು ದಿನ ಅಷ್ಟೇ ಹೊತ್ತು ಹೈಡ್ ಪಾರ್ಕಿನಲ್ಲಿ ನಡೆಸಿದರು. ಉಸಿರು ಊದುವ ಬಲ ಎರಡೂ ದಿನ ಸ್ವಲ್ಪ ಇಳಿಯಿತು, ಆದರೆ ರಸ್ತೆಯಲ್ಲಿ ನಡೆದ ದಿನ ಜಾಸ್ತಿ ಇಳಿಯಿತು. 2007ರಲ್ಲಿ ಪ್ರಕಟವಾಗಿದೆ. ಭ್ರಮೆ ಅಂದವರಿಗೆ ಅದನ್ನೇ ಓದಿ ಹೇಳಿದೆ.

ಮಾಸ್ಕ್ ಬಗ್ಗೆ ಯಾರಾದರೂ ಕೇಳುತ್ತಾರೆ ಅಂತ ಈಗಲೇ ಹೇಳಿಬಿಡುತ್ತೇನೆ. ಬಟ್ಟೆ ಮಾಸ್ಕ್ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಸಿಯ ಕಣಗಳನ್ನು ತಡೆಯುತ್ತದೆ, ಗ್ಯಾಸ್ ತಡೆಯುವುದಿಲ್ಲ.

ಲಾರಿಗಳ ನಿರ್ವಹಣೆ ನೋಡುವವರು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಬೇಡ. ಎಲ್ಲ ಡೀಸೆಲ್ಲೂ ಒಂದೇ ಅಂದರೆ ಅನುಭವಿ ಮೆಕ್ಯಾನಿಕ್ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹೊಸ ಎಂಜಿನ್ನುಗಳಲ್ಲಿ ಗಂಧಕ ಕಡಿಮೆ ಇರುವ ಡೀಸೆಲ್, ಸೈಲೆನ್ಸರ್ ಲೈನಿನಲ್ಲಿ ಕಣ ಹಿಡಿಯುವ ಫಿಲ್ಟರ್. ಅದು ಸರಿಯಾಗಿದ್ದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಸಿ ಹಿಡಿಯುತ್ತದೆ. ಇಂಥ ಹೊಸ ಎಂಜಿನ್ನಿನ ಹೊಗೆಯಲ್ಲಿ ಇಲಿಗಳನ್ನು ದಿನಕ್ಕೆ 16 ಗಂಟೆ, ವಾರಕ್ಕೆ 5 ದಿನ, 30 ತಿಂಗಳವರೆಗೆ ಇಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಲಿಲ್ಲ. 2015ರಲ್ಲಿ ಬಂದ ವರದಿ ಅದು. ಇದನ್ನು ಮುಚ್ಚಿಡಬಾರದು.

ಆದರೆ ರಿಪೇರಿಗೆ ಬರುವುದು ಹೊಸ ಗಾಡಿಯಲ್ಲ. ಹಳೇ ಎಂಜಿನ್, ಇಂಜೆಕ್ಟರ್ ಸೋರುವ ಎಂಜಿನ್, ಫಿಲ್ಟರ್ ಕಟ್ಟಿಕೊಂಡಿದೆ ಅಂತ ಕೊರೆದು ಖಾಲಿ ಮಾಡಿಸಿದ ಎಂಜಿನ್. ನಾನು ಒಮ್ಮೆ ಅಂಥ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿದೆ. ಹೊರಗಿಂದ ಹೊಸದರ ಹಾಗೆ ವೆಲ್ಡ್ ಮಾಡಿದ್ದಾರೆ, ಒಳಗೆ ಬರೀ ಟೊಳ್ಳು. ಓಡಿಸುವವರಿಗೆ ಗೊತ್ತೇ ಇರಲಿಲ್ಲ. ಕಾಗದದಲ್ಲಿ ಇರುವ ಹೊಗೆಯೇ ಬೇರೆ, ರಸ್ತೆಯಲ್ಲಿ ಇರುವುದೇ ಬೇರೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದೂ ಇಂಥದ್ದಕ್ಕೇ ಅಲ್ವಾ? ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ಶುದ್ಧವಾಗಿ ತೋರಿಸುವ ಸಾಫ್ಟ್‌ವೇರ್, ಪ್ರಪಂಚದಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ.

ಆದ್ದರಿಂದ ಅಪ್ಪನಿಗೆ "ನಿಮ್ಮ ಕಸುಬು ಕೆಟ್ಟದ್ದು" ಅನ್ನಬೇಡಿ. "ಈ ಗಾಡಿಯ ಫಿಲ್ಟರ್ ಸರಿ ಇದೆಯಾ ನೋಡಿ" ಅನ್ನಿ. ಅವರಿಗೆ ಗೊತ್ತಿರುವ ಭಾಷೆ ಅದು.

ಡ್ರೈವರ್ ಮಗ:

ನಮ್ಮ ತಂದೆ ಬಸ್ ಓಡಿಸುತ್ತಿದ್ದರು. ಆಗ ಎಂಜಿನ್ ಡ್ರೈವರ್ ಪಕ್ಕದಲ್ಲೇ ಇರುತ್ತಿತ್ತು. ಸಿಗರೇಟು ಮುಟ್ಟಿದವರಲ್ಲ. ಶ್ವಾಸಕೋಶದ ಕ್ಯಾನ್ಸರಿನಿಂದ ಹೋದರು. ಹೊಗೆಯಿಂದಲೇ ಅಂತ ನಾನು ಹೇಳಲಾರೆ, ಒಬ್ಬರ ಸಾವಿನಲ್ಲಿ ಅದನ್ನು ಬಿಡಿಸಿ ಹೇಳಲು ಆಗುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದ್ದು "ಸೇದ್ತಿದ್ರಾ?" ಅಂತ ಮಾತ್ರ. ಏನು ಕೆಲಸ ಮಾಡುತ್ತಿದ್ದಿರಿ ಅಂತ ಒಬ್ಬರೂ ಕೇಳಲಿಲ್ಲ. ನಾವೂ ಹೇಳಲಿಲ್ಲ. ನಿಮ್ಮಪ್ಪ ಯಾವತ್ತೇ ಕೆಮ್ಮಿಗೆ ಡಾಕ್ಟರ ಹತ್ತಿರ ಹೋದರೂ, ಎಷ್ಟು ವರ್ಷ, ಎಂಥ ಶೆಡ್ಡಿನಲ್ಲಿ ಅಂತ ಮೊದಲೇ ಹೇಳಿ. ದಯವಿಟ್ಟು.

ಪ್ರಶ್ನೆ ಕೇಳಿದವಳು:

ಎಲ್ಲರಿಗೂ ಥ್ಯಾಂಕ್ಸ್. ಬಸ್ ಡ್ರೈವರ್ ಮಗ ಬರೆದದ್ದನ್ನು ಎರಡು ಸಲ ಓದಿದೆ. ಅಪ್ಪನ ಮುಂದೆ ಅದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಭಾನುವಾರ ತಮ್ಮನೇ ಏಣಿ ಹತ್ತಿದ. ನಮ್ಮ ತೊಲೆಯೂ ಹಾಗೇ ಇತ್ತು. ಕೆಳಗಿಳಿದು ಅಂಗೈ ತೋರಿಸಿದ. ಅಪ್ಪ ಅವನ ಕೈ ಹಿಡಿದು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. "ಇದು ಹಳೇದು" ಅಂದರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಬುಧವಾರ ಮಳೆ ಬಂತು. ಎಂಜಿನ್ ಆಫ್ ಮಾಡಿ ಮಳೆ ನಿಲ್ಲುವವರೆಗೂ ಬೇರೆ ಕೆಲಸ ಮಾಡಿದರಂತೆ. ಅವತ್ತು ತಮ್ಮನಿಗೆ ತಲೆನೋವು ಬರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಅಪ್ಪನೇ ಕೇಳಿದರು: "ಆ ಹೋಸು ಅಂದೆಯಲ್ಲ, ಅದರ ಬಾಯಿ ಎಷ್ಟಗಲ ಇರಬೇಕಂತೆ?"

ಗ್ಯಾರೇಜಿನವರೇ, ಹೇಳ್ತೀರಾ?

ಗ್ಯಾರೇಜಿನವರು:

ಸೈಲೆನ್ಸರ್ ಬಾಯಿಗಿಂತ ಅಗಲ ಇರಲಿ, ಎಲ್ಲೂ ಕಿರಿದಾಗಬಾರದು. ಆದಷ್ಟು ಗಿಡ್ಡವಾಗಿ, ನೇರವಾಗಿ ಎಳೆಯಿರಿ, ಮಡಚಿಕೊಳ್ಳಬಾರದು. ಆಚೆ ತುದಿ ಯಾರ ಕಿಟಕಿಗೂ ಎದುರಾಗಬಾರದು. ಜೋಡಣೆ ಸಡಿಲ ಇದ್ದರೆ ಹೊಗೆ ಒಳಗೇ ಸೋರುತ್ತದೆ, ಅಲ್ಲಿ ಕ್ಲಿಪ್ ಹಾಕಿ ಬಿಗಿ ಮಾಡಿ. ಹೋಸ್ ಬಂತು ಅಂತ ಶಟರ್ ಮುಚ್ಚಬೇಡಿ, ಅದು ತೆಗೆದೇ ಇರಲಿ. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಅಳತೆಯಲ್ಲಿ ಗೊಂದಲ ಆದರೆ ಅವರಿಗೇ ಇಲ್ಲಿ ಬಂದು ಕೇಳಲು ಹೇಳಿ.