‘ಮುಕ್ತ ದತ್ತಾಂಶ’ಕ್ಕೆ ನಮ್ಮ ಸೀಮೆಯ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು. ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಒಂದು ಊರಿನ ಅರಿವು ಕೇಂದ್ರದಲ್ಲಿ (ಪಂಚಾಯಿತಿ ಗ್ರಂಥಾಲಯದಲ್ಲಿ), ಸರ್ಕಾರದ ಜಾಲತಾಣಗಳನ್ನು ಫೋನಿನಲ್ಲಿ ನೋಡುವುದು ಹೇಗೆ ಎಂದು ಹೇಳಿಕೊಡುತ್ತಿದ್ದೇನೆ. ಅದಕ್ಕಾಗಿ ನಾಲ್ಕು ಪುಟದ ಕೈಪಿಡಿ ಬರೆದೆ. ‘ಓಪನ್ ಡೇಟಾ’ (ಯಾರು ಬೇಕಾದರೂ ತೆಗೆದುಕೊಂಡು ಬಳಸಲು ಬಿಟ್ಟ ಸರ್ಕಾರದ ಅಂಕಿಅಂಶ) ಬಂದಲ್ಲೆಲ್ಲ ‘ಮುಕ್ತ ದತ್ತಾಂಶ’ ಎಂದು ಹಾಕಿದ್ದೆ. ಬರಹದಲ್ಲಿ ನಡೆಯುವ ಪದ ಅದೇ ಅಲ್ವಾ? ಆದರೆ ಓದಿ ಹೇಳಿದಾಗ ಯಾರಿಗೂ ಅದು ಹತ್ತಲಿಲ್ಲ.

ಮೊದಲು ‘ಮುಕ್ತ’ದ ತೊಡಕು. ಪಂಚಾಯಿತಿ ಗೋಡೆಯ ಮೇಲೆ ‘ಬಯಲು ಶೌಚ ಮುಕ್ತ ಗ್ರಾಮ’ ಎಂದು ದೊಡ್ಡ ಅಕ್ಷರದಲ್ಲಿದೆ. ಸ್ವಸಹಾಯ ಸಂಘದ ಅಕ್ಕ ಒಬ್ಬರು ಅದನ್ನು ನೆನೆದು ಕೇಳಿದರು, “ಮುಕ್ತ ಅಂದ್ರ ಇಲ್ಲದ್ದು ಅಂತಲ್ಲೇನ್ರಿ? ಹಂಗಾರ ಇದು ಮಾಹಿತಿ ಇಲ್ಲದ್ದು ಅಂತೇನು?” ‘ಋಣಮುಕ್ತ’ದಲ್ಲಿ ಕೊನೆಗೆ ಬಂದರೆ ಒಂದು ಅರ್ಥ, ‘ಮುಕ್ತ ವಿಶ್ವವಿದ್ಯಾಲಯ’ದಲ್ಲಿ ಮೊದಲಿಗೆ ಬಂದರೆ ಇನ್ನೊಂದು ಅರ್ಥ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಆದರೆ ವಿವರಣೆ ಕೊಟ್ಟ ಮೇಲಷ್ಟೇ ತಿಳಿಯುವ ಪದ ಕೈಪಿಡಿಗೆ ಆಗುವುದಿಲ್ಲ ಎಂದು ನನಗೆ ಅನ್ನಿಸಿತು.

‘ದತ್ತಾಂಶ’ ಕೇಳಿದವರಿಗೆ ದತ್ತು ಮಗ ನೆನಪಾದ. ಸರಿ, ‘ಡಾಟಾ’ ಎಂದೇ ಹೇಳೋಣ ಎಂದರೆ ಅದು ಈಗ ರೀಚಾರ್ಜಿನ ಮಾತು. “ಡಾಟಾ ಖಾಲಿ ಆಗೇತಿ” ಎಂದು ದಿನಾ ಹೇಳುವ ಹುಡುಗರು ‘ಮುಕ್ತ ಡಾಟಾ’ ಎಂದರೆ ಪುಕ್ಕಟೆ ನೆಟ್ ಎಂದೇ ತಿಳಿದರು.

ಬರೀ ‘ಸಾರ್ವಜನಿಕ ಮಾಹಿತಿ’ ಎಂದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಹೋದ ವರ್ಷ ಒಂದು ಕಚೇರಿಯವರು ಬೆಳೆ ಪರಿಹಾರದ ಪಟ್ಟಿಯ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಹದಿನೆಂಟು ಫೋಟೊ. ತೊಗರಿ ಹೋಗಿದ್ದ ರೈತರು ಸಣ್ಣ ಪರದೆಯನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ತಮ್ಮ ಹೆಸರು ಹುಡುಕಿದರು. ಎಲ್ಲರಿಗೂ ಕಾಣುವಂತೆ ಹಾಕಿದ್ದರು, ಸರಿ. ಆದರೆ ಹೆಸರು ಹಾಕಿ ಹುಡುಕಲು ಬರುತ್ತಿರಲಿಲ್ಲ, ಕೂಡಿ ಕಳೆದು ನೋಡಲು ಬರುತ್ತಿರಲಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಕಡತಗಳದ್ದೂ ಇದೇ ಗೋಳು. ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಕನ್ನಡ ಹೋಗಿ ಏನೇನೋ ಗುರುತುಗಳು ಬರುತ್ತವೆ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್, ಜನ ಕೇಳುವ ಮೊದಲೇ ಕಚೇರಿಗಳು ತಾವಾಗಿ ಮಾಹಿತಿ ಹೊರಹಾಕಬೇಕು ಎನ್ನುತ್ತದೆ. ಓಪನ್ ಡೇಟಾ ಅದರ ಮುಂದಿನ ಹೆಜ್ಜೆ. ಕೇಂದ್ರ ಸರ್ಕಾರ 2012ರಲ್ಲಿ ದತ್ತಾಂಶ ಹಂಚಿಕೆಯ ನೀತಿ ತಂದಿತು. 2017ರಲ್ಲಿ ಅದಕ್ಕೊಂದು ಪರವಾನಗಿಯೂ ಬಂತು. ಮೂಲ ಎಲ್ಲಿಯದು ಎಂದು ಹೇಳಿದರೆ ಸಾಕು, ಆ ಅಂಕಿಅಂಶವನ್ನು ಯಾರು ಬೇಕಾದರೂ ಬಳಸಬಹುದು, ಮರುಹಂಚಬಹುದು. ಅಂದರೆ ನೋಡುವುದಷ್ಟೇ ಅಲ್ಲ, ತೆಗೆದುಕೊಂಡು ಹೋಗಿ ದುಡಿಸಿಕೊಳ್ಳುವುದು. ನನಗೆ ಬೇಕಾದ ಪದದಲ್ಲಿ ಈ ‘ತೆಗೆದುಕೊಳ್ಳುವುದು’ ಇರಬೇಕು. ‘ತೆರೆದ ಮಾಹಿತಿ’ಯಲ್ಲಿ ಅದಿಲ್ಲ.

ನಮ್ಮ ರಾಜ್ಯದ ಜಾಲತಾಣಕ್ಕೆ ‘ಮಾಹಿತಿ ಕಣಜ’ ಎಂದು ಹೆಸರಿಟ್ಟವರಿಗೆ ಕೈಮುಗಿಯಬೇಕು. ಒಂದೇ ಸಲಕ್ಕೆ ಎಲ್ಲರಿಗೂ ತಿಳಿಯಿತು. (ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲೂ ತುಂಬಿಡುತ್ತಿದ್ದರು. ಆ ಪದ ಬಳಸದೇ ಇದ್ದದ್ದು ಒಳ್ಳೆಯದಾಯಿತು, ಹಗೇವು ಅಂದರೆ ಮುಚ್ಚಿಟ್ಟದ್ದು.) ಆದರೆ ಕಣಜ ಜಾಗದ ಹೆಸರು. ಒಳಗಿನ ಕಾಳಿಗೆ ಏನೆನ್ನೋಣ?

ಆಗ ಮುಂದಿನ ಸಾಲಿನಲ್ಲಿದ್ದ ಅಜ್ಜಾರು, “ನೀವು ಹೇಳೂದು ಉತಾರ ತಗಸಿದಂಗ ಐತಲ್ರೀ” ಎಂದರು. ಅಂದಿನಿಂದ ಆ ಮಾತೇ ತಲೆಯಲ್ಲಿದೆ. ಮೈಸೂರು ಕಡೆ ಪಹಣಿ ಎನ್ನುವುದನ್ನು ನಾವು ಉತಾರ ಎನ್ನುತ್ತೇವೆ. ಮರಾಠಿಯ ‘ಉತಾರಾ’ದಿಂದ ಬಂದದ್ದು. ಬಾಗಲಕೋಟೆಯೂ ಸೇರಿದ್ದ ಆಗಿನ ಬಿಜಾಪುರ ಜಿಲ್ಲೆ, ಬೆಳಗಾವಿ ಎರಡೂ 1956ರವರೆಗೆ ಮುಂಬೈ ಆಡಳಿತದಲ್ಲಿದ್ದವಲ್ಲ. ಪದದ ಮೂಲ ಅರ್ಥದಲ್ಲಿ ಹೊಲ ಇಲ್ಲವೇ ಇಲ್ಲ. ದಫ್ತರಿನಲ್ಲಿ ಇದ್ದದ್ದನ್ನು ಇದ್ದಂತೆ ಇಳಿಸಿಕೊಂಡ ನಕಲು, ಅಷ್ಟೇ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಕಾಲ ಮುಗಿಯಿತು. ಜನ ಮಾತ್ರ ಪದ ಬಿಡಲಿಲ್ಲ.

ಅಡ್ಡಿಗಳೂ ಇವೆ. ಉತಾರ ಅಂದರೆ ಒಂದು ಸರ್ವೆ ನಂಬರಿನದು, ಓಪನ್ ಡೇಟಾ ಅಂದರೆ ಇಡೀ ದಫ್ತರು. ಉತಾರಕ್ಕೆ ಹಣ ಕಟ್ಟಬೇಕು. ಅದರಲ್ಲಿ ಹೆಸರು ಇರುತ್ತದೆ, ಓಪನ್ ಡೇಟಾದಲ್ಲಿ ಜನರ ಖಾಸಗಿ ವಿವರ ಇರಬಾರದು. ಸದ್ಯ ಕೈಪಿಡಿಯಲ್ಲಿ ‘ಎಲ್ಲರ ಉತಾರ’ ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಬೆಳಗಾವಿ, ಬಾಗಲಕೋಟೆ ಕಡೆಯವರೇ, ನಿಮ್ಮೂರಲ್ಲಿ ‘ಉತಾರ’ ಹೊಲದ ಕಾಗದಕ್ಕಷ್ಟೇ ನಿಂತಿದೆಯೇ, ಬೇರೆ ದಾಖಲೆಯ ನಕಲಿಗೂ ಹೇಳುತ್ತಾರೆಯೇ? ಮನೆಯ ಉತಾರ ಎನ್ನುವುದನ್ನು ನಾನೇ ಕೇಳಿದ್ದೇನೆ, ಅದರಾಚೆಗೆ? ಹಳೇ ಮೈಸೂರು, ಕರಾವಳಿ ಕಡೆಯವರಿಗೆ ‘ಎಲ್ಲರ ಉತಾರ’ ಓದಿದರೆ ಏನಾದರೂ ಹೊಳೆಯುತ್ತದೆಯೇ? ಕೈಪಿಡಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಹೇಳಿದರೆ ತುಂಬಾ ಉಪಕಾರವಾಗುತ್ತದೆ.