ಅಲೆಕ್ಸಾಂಡರ್ ನಾಣ್ಯದ ಮೇಲಿರೋ ಮುಖ ಅವನದೇನಾ? ದೊಡ್ಡಪ್ಪನ ಟ್ರಂಕಲ್ಲಿ ಸಿಕ್ಕ ಬೆಳ್ಳಿ ನಾಣ್ಯ

ತುಂಗಾತೀರ:
ಎಲ್ರಿಗೂ ನಮಸ್ಕಾರ. ನಮ್ ದೊಡ್ಡಪ್ಪ ಮರ್ಚೆಂಟ್ ನೇವೀಲಿ ಇದ್ರು, ಹೋದ್ವರ್ಷ ತೀರ್ಕೊಂಡ್ರು. ಅವರ ಟ್ರಂಕ್ ತೆಗೆದು ನೋಡ್ತಿದ್ದಾಗ ಹತ್ತಿಯಲ್ಲಿ ಸುತ್ತಿಟ್ಟಿದ್ದ ಒಂದು ಬೆಳ್ಳಿ ನಾಣ್ಯ ಸಿಕ್ತು, ಜೊತೆಗೆ 1984ರಲ್ಲಿ ಲಂಡನ್ನಿನ ಒಂದು ನಾಣ್ಯದ ಅಂಗಡೀಲಿ ತಗೊಂಡ ಬಿಲ್ಲೂ ಇತ್ತು. ಬಿಲ್ಲಲ್ಲಿ ಅಲೆಕ್ಸಾಂಡರ್, ಟೆಟ್ರಾಡ್ರಾಕ್ಮ್ ಅಂತ ಬಿಟ್ರೆ ಬೇರೇನೂ ಬರೆದಿಲ್ಲ. ಒಂದು ಕಡೆ ಸಿಂಹದ ತಲೆಚರ್ಮಾನ ಟೋಪಿ ಥರ ಹಾಕ್ಕೊಂಡಿರೋ ಮುಖ, ಗಡ್ಡ ಇಲ್ಲ, ಸಿಂಹದ ಮುಂಗಾಲು ಎರಡೂ ಕುತ್ತಿಗೆ ಹತ್ರ ಗಂಟು ಕಟ್ಟಿದೆ. ಇನ್ನೊಂದು ಕಡೆ ಸಿಂಹಾಸನದ ಮೇಲೆ ಗಡ್ಡದವನೊಬ್ಬ, ಒಂದು ಕೈಮೇಲೆ ಹದ್ದು, ಇನ್ನೊಂದು ಕೈಲಿ ಉದ್ದ ಕೋಲು. ಗೊತ್ತಿರೋ ಚಿನ್ನದಂಗಡೀಲಿ ತೂಗಿಸ್ದೆ, 16.8 ಗ್ರಾಂ. ಅಡ್ಡಳತೆ 33 ಮಿ.ಮೀ., ಆದ್ರೆ ದಪ್ಪ ಕಮ್ಮಿ.

ನಂಗೆ ಬೇಕಿರೋದು ಎರಡೇ ವಿಷ್ಯ. ಆ ಮುಖ ಅಲೆಕ್ಸಾಂಡರಂದಾ? ಅವನು ಬದುಕಿದ್ದಾಗಲೇ ಮಾಡ್ಸಿದ್ದಾ? ಮಾರೋ ಯೋಚನೆ ಇಲ್ಲ, ದೊಡ್ಡಪ್ಪ ಇಷ್ಟು ಜೋಪಾನ ಮಾಡಿದ್ದಾರೆ ಅಂದ್ಮೇಲೆ ಅದೇನು ಅಂತ ನಮ್ಗಾದ್ರೂ ಗೊತ್ತಿರ್ಬೇಕಲ್ವಾ. ಇನ್ನೊಂದು, ಕಪ್ಪಾಗಿದೆ ಅಂತ ಅಮ್ಮ ವಿಭೂತಿ ಹಾಕಿ ಉಜ್ಜೋಣ ಅಂತಿದ್ದಾರೆ.

ಬೆಳ್ಳಿಬಿಲ್ಲೆ:
ಮೊದ್ಲು ಅಮ್ಮಂಗೆ ಹೇಳಿ, ದಯವಿಟ್ಟು ಉಜ್ಜೋದು ಬೇಡ! ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವ್ದೂ ಬೇಡ. ಆ ಕಪ್ಪು ನೂರಾರು ವರ್ಷದಲ್ಲಿ ಕೂತಿದ್ದು, ಉಜ್ಜಿದ್ರೆ ಜೊತೆಗೆ ಸಿಂಹದ ಕೂದಲಿನ ಗೆರೆ, ಅಕ್ಷರ ಎಲ್ಲಾ ಸವೀತಾವೆ, ಆಮೇಲೆ ಏನ್ ಮಾಡಿದ್ರೂ ವಾಪಸ್ ಬರಲ್ಲ. ಬಿಲ್ಲನ್ನೂ ನಾಣ್ಯದ ಜೊತೇಲೇ ಇಡಿ, ಅದಕ್ಕೂ ಅಷ್ಟೇ ಬೆಲೆ ಇದೆ. ಮುಖ ಅಲೆಕ್ಸಾಂಡರಂದೇ ಅಂತ ನಾನು ಓದಿದ ನೆನಪು.

ಟಂಕಸಾಲೆ:
ಉಜ್ಜೋ ವಿಷ್ಯದಲ್ಲಿ ಮೇಲಿನವ್ರು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ಮುಖ ಗ್ರೀಕ್ ಪುರಾಣದ ವೀರ ಹೆರಾಕ್ಲೀಸಂದು. ಅವನು ಕೈಯಾರೆ ಕೊಂದ ನೆಮಿಯದ ಸಿಂಹದ ಚರ್ಮ ಅದು. ಅಲೆಕ್ಸಾಂಡರಿನ ನಾಡು ಮ್ಯಾಸಿಡೋನಿಯದ ರಾಜವಂಶದವ್ರು ನಾವು ಹೆರಾಕ್ಲೀಸನ ಕುಲದವ್ರು ಅಂತ ಹೇಳ್ಕೋತಿದ್ರು, ಅಲೆಕ್ಸಾಂಡರ್‌ಗಿಂತ ಹಿಂದಿನ ರಾಜರೂ ಅವನ ತಲೇನ ನಾಣ್ಯದ ಮೇಲೆ ಹಾಕ್ಸಿದ್ರು. ಕೂತಿರೋನು ಗ್ರೀಕರ ದೇವರಾಜ ಜೀಯೂಸ್, ಕೈಲಿರೋದು ರಾಜದಂಡ. ಪಕ್ಕದಲ್ಲಿ ಮೇಲಿಂದ ಕೆಳಗೆ ಬರೆದಿರೋದು ಅಲೆಕ್ಸಾಂಡ್ರೂ, ಅಂದ್ರೆ "ಅಲೆಕ್ಸಾಂಡರನ" ಅಂತ ಷಷ್ಠೀ ವಿಭಕ್ತಿ, ಯಾರ ನಾಣ್ಯ ಅನ್ನೋದಕ್ಕೆ ಉತ್ತರ ಅದು.

ಬದುಕಿರೋ ರಾಜ ತನ್ನ ಮುಖಾನ ನಾಣ್ಯದ ಮೇಲೆ ಹಾಕ್ಸೋದು ಆಗ ಗ್ರೀಕರಲ್ಲಿ ವಾಡಿಕೇಲೇ ಇರ್ಲಿಲ್ಲ, ಆ ಜಾಗ ದೇವರದ್ದು. ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಲ್ಲಿ ಸತ್ತ, ವಯಸ್ಸು ಇನ್ನೂ 32. ಹಿಂದೆ ಉಳಿದಿದ್ದು ಬುದ್ಧಿ ಬೆಳೀದಿರೋ ಮಲಸೋದರ ಅರ್ರಿಡಿಯೋಸ್, ಅವನು ಸತ್ತ ಮೇಲೆ ಹುಟ್ಟಿದ ಒಂದು ಮಗು, ಮತ್ತೆ ಕೈಲಿ ಸೈನ್ಯ ಇರೋ ಸೇನಾಪತಿಗಳು. ಮಲಸೋದರನ್ನೂ ಕೊಂದ್ರು, ಮಗೂನೂ ಕೊಂದ್ರು. ಸಿಂಹಾಸನಕ್ಕೆ ಹಕ್ಕು ಇಲ್ದಿರೋ ಈ ಸೇನಾಪತಿಗಳಿಗೆ ಅಲೆಕ್ಸಾಂಡರಿನ ಮುಖ ಬೇಕಾಯ್ತು. ಈಜಿಪ್ಟಲ್ಲಿ ಟಾಲೆಮಿ ಆನೆ ಸೊಂಡಿಲಿರೋ ಚರ್ಮ ಹೊದ್ದ ಅಲೆಕ್ಸಾಂಡರಿನ ತಲೆ ಹಾಕ್ಸಿದ, ಆಮೇಲೆ ತಾನೇ ರಾಜ ಅಂತ ಘೋಷಿಸ್ಕೊಂಡು ತನ್ನದೇ ಮುಖ ಹಾಕ್ಸಿದ, ಮುಂದೆ ಚಾಚಿದ ಗಲ್ಲ, ಗುಳಿಬಿದ್ದ ಕಣ್ಣು, ಒಮ್ಮೆ ನೋಡಿದ್ರೆ ಮರೆಯಲ್ಲ. ಥ್ರೇಸಲ್ಲಿ ಇನ್ನೊಬ್ಬ ಸೇನಾಪತಿ ಲೈಸಿಮಾಕಸ್ ಹಾಕ್ಸಿದ ಅಲೆಕ್ಸಾಂಡರಿಗೆ ಕಿವಿ ಹತ್ರ ಟಗರಿನ ಕೊಂಬು ಸುತ್ಕೊಂಡಿರುತ್ತೆ, ಅದು ಅಮ್ಮೋನ್ ದೇವರ ಗುರುತು, ಅಲೆಕ್ಸಾಂಡರ್ ಕ್ರಿ.ಪೂ. 331ರಲ್ಲಿ ಈಜಿಪ್ಟಿನ ಮರಳುಗಾಡು ದಾಟಿ ಸೀವಾದಲ್ಲಿರೋ ಆ ದೇವರ ಹತ್ರ ಹೋಗಿ ಬಂದಿದ್ದ. ಅಲೆಕ್ಸಾಂಡರಿನ ನಿಜವಾದ ಮುಖ ನೋಡ್ಬೇಕು ಅಂದ್ರೆ ಲೈಸಿಮಾಕಸ್ ನಾಣ್ಯ ನೋಡಿ, ನನ್ ಮಟ್ಟಿಗೆ ಗ್ರೀಕ್ ನಾಣ್ಯಗಳಲ್ಲೇ ಅದಕ್ಕಿಂತ ಚೆಂದದ್ದಿಲ್ಲ, ಅದೂ ಅವನು ಸತ್ತು ಕಾಲು ಶತಮಾನ ಆದ್ಮೇಲೆ ಮಾಡಿದ್ದು.

ಎರಡನೇ ಪ್ರಶ್ನೆಗೆ, 33 ಮಿ.ಮೀ. ಅಂದ್ರೆ ಅವನ ಕಾಲದ್ದಿರಕ್ಕಿಲ್ಲ. ಅವನು ಇದ್ದಾಗಿನ ಟೆಟ್ರಾಡ್ರಾಕ್ಮ್, ಅಂದ್ರೆ ನಾಲ್ಕು ಡ್ರಾಕ್ಮಾದ ಬೆಳ್ಳಿ ನಾಣ್ಯ, ಚಿಕ್ಕದು, ದಪ್ಪ, ಸುಮಾರು 25ರಿಂದ 27 ಮಿ.ಮೀ., ತೂಕ 17.2 ಗ್ರಾಂ ಆಸುಪಾಸು. ತಟ್ಟೆ ಥರ ಅಗಲ ಆಗಿರೋವು ನೂರು ವರ್ಷಕ್ಕೂ ಮೇಲಾದ್ಮೇಲೆ ಬಂದಿದ್ದು.

ಕಲಘಟಗಿ:
ತಮ್ಮಾ, ಜೀಯೂಸನ ಮುಂದ, ಮತ್ತ ಸಿಂಹಾಸನದ ಕಾಲಿನ ನಡುವ ಏನರ ಸಣ್ಣ ಗುರುತು ಅದಾವೇನು ಭೂತಗನ್ನಡಿ ಹಿಡದು ನೋಡು. ಯಾವ ಊರಿನ ಟಂಕಸಾಲಿ ಅಂತ ಹೇಳೂದು ಅದೊಂದ. ಹಂಗ ಅಂಚನೂ ನೋಡು, ಸುತ್ತಲೂ ಸಣ್ಣ ಗೆರಿ ಓಡಿದ್ರ ಎರಕಾ ಹೊಯ್ದ ನಕಲಿ ಇರಬಹುದು. ಖರೇ ನಾಣ್ಯ ಬಿಸಿ ಬೆಳ್ಳಿ ಬಿಲ್ಲಿನ ಎರಡು ಅಚ್ಚಿನ ನಡುವ ಇಟ್ಟು ಸುತ್ತಿಗಿಲೆ ಹೊಡದಿದ್ದು, ಅದಕ್ಕ ಚಿತ್ರ ಒಂದ್ ಬಾಜೂ ಸರದಿರ್ತದ, ಅಂಚು ಅಲ್ಲಲ್ಲಿ ಬಿಟ್ಟಿರ್ತದ.

ತುಂಗಾತೀರ:
ತುಂಬಾ ಥ್ಯಾಂಕ್ಸ್, ಉಜ್ಜೋದು ನಿಲ್ಸಿದ್ದೀನಿ. ಅಂಚಲ್ಲಿ ಗೆರೆ ಇಲ್ಲ, ಎರಡು ಕಡೆ ಸಣ್ಣ ಬಿರುಕಿದೆ, ಚಿತ್ರ ಸ್ವಲ್ಪ ಎಡಕ್ಕೆ ಸರಿದಿದೆ. ಜೀಯೂಸನ ಮುಂದೆ ಒಂದು ಹೂವು, ಗುಲಾಬಿ ಮೊಗ್ಗಿನ ಥರ. ಸಿಂಹಾಸನದ ಕೆಳಗೆ ಇಂಗ್ಲಿಷಿನ ಪಿ ಮತ್ತೆ ಓ. ಹೂವಿನ ಮೇಲೆ ಇನ್ನೂ ಏನೋ ಬರೆದಿದೆ, ಸವೆದಿದೆ, ನಾಳೆ ಬೆಳಕಲ್ಲಿ ನೋಡ್ತೀನಿ.

ಕಲಘಟಗಿ:
ಅದು ಪಿ ಅಲ್ಲಪಾ, ಗ್ರೀಕಿನ್ಯಾಗ ಆ ಅಕ್ಷರ "ರ". ಅಂದ್ರ ರೋ, ರೋಡ್ಸ್! ಹೂವು ಗುಲಾಬಿನ, ಗ್ರೀಕಿನ್ಯಾಗ ಗುಲಾಬಿಗೆ ರೋಡೋನ್ ಅಂತಾರ, ಊರಿನ ಹೆಸರೂ ಹೂವಿನ ಹೆಸರೂ ಕೂಡಿ ಬಂದದ್ದಕ್ಕ ಅದ ಅವರ ಗುರುತಾತು. ನಿಮ್ಮ ನಾಣ್ಯ ಕ್ರಿ.ಪೂ. 201ರಿಂದ 190ರ ಸುಮಾರಿನದು, ಅಲೆಕ್ಸಾಂಡರ್ ಸತ್ತು ನೂರಾ ಇಪ್ಪತ್ತು ವರ್ಷ ಆಗಿತ್ತು.

ಇದ ನನಗ ಭಾಳ ಹಿಡಸಿದ ವಿಷಯ. ರೋಡ್ಸ್ ರಾಜರ ರಾಜ್ಯ ಅಲ್ಲ, ಗ್ರೀಕರ ಒಂದು ದ್ವೀಪದಾಗಿನ ಸ್ವತಂತ್ರ ನಗರ. ಕ್ರಿ.ಪೂ. 305ರಾಗ ಡೆಮೆಟ್ರಿಯಸ್, ನಗರ ಮುತ್ತೂದ್ರಾಗ ಹೆಸರಾದಾಂವ, ದೊಡ್ಡ ದೊಡ್ಡ ಯಂತ್ರ ತಂದು ಸುಮಾರು ಒಂದ್ ವರ್ಷ ಮುತ್ತಿಗಿ ಹಾಕಿದ, ಊರು ಬಗ್ಗಲಿಲ್ಲ. ಅಂವ ಬಿಟ್ಟುಹೋದ ಯಂತ್ರ ಮಾರಿದ ರೊಕ್ಕದಾಗ ಅವರು ಸೂರ್ಯದೇವರು ಹೀಲಿಯೋಸನ ಕಂಚಿನ ಮೂರ್ತಿ ಕಟ್ಟಿಸಿದ್ರು, 70 ಮೊಳ ಎತ್ತರ, ಜಗತ್ತಿನ ಏಳು ಅದ್ಭುತದಾಗ ಒಂದು. ತಮ್ಮ ಸ್ವಂತ ನಾಣ್ಯದ ಮ್ಯಾಲೂ ಹೀಲಿಯೋಸನ ತಲಿ, ಹಿಂದ ಗುಲಾಬಿ. ಇಂಥಾ ಸ್ವಾಭಿಮಾನದ ಮಂದಿ ಅಲೆಕ್ಸಾಂಡರಿನ ಹೆಸರಿನ ನಾಣ್ಯ ಯಾಕ ಹೊಡಸಿದ್ರು ಅಂದ್ರ, ಅವರ ಸ್ವಂತ ಟೆಟ್ರಾಡ್ರಾಕ್ಮ್ 13 ಗ್ರಾಮಿನ ಹಗುರ ತೂಕದ್ದು, ದ್ವೀಪದಾಗ ನಡೀತಿತ್ತು, ಹೊರಗಿನವರಿಗೆ 17 ಗ್ರಾಮಿನ ಅಥೆನ್ಸ್ ತೂಕದ್ದ ಬೇಕು. ಕ್ರಿ.ಪೂ. 201ರಾಗ ಮ್ಯಾಸಿಡೋನಿಯದ ಐದನೇ ಫಿಲಿಪ್ ಜೋಡಿ ಸಮುದ್ರದಾಗ ಯುದ್ಧ ಹತ್ತಿತ್ತು, ಕಿಯೋಸ್ ಹಂತ್ಯಾಕ ಒಮ್ಮೆ, ಲಾಡೆ ಹಂತ್ಯಾಕ ಒಮ್ಮೆ. ಕೂಲಿ ಸೈನಿಕರು, ಹುಟ್ಟು ಹಾಕವ್ರು, ಕಟ್ಟಿಗಿ ಮಾರವ್ರು, ಇವರಿಗೆಲ್ಲಾ ಸಿರಿಯಾದಿಂದ ಕಪ್ಪು ಸಮುದ್ರದ ಮಟ ಪರಿಚಯ ಇದ್ದ ನಾಣ್ಯ ಕೊಟ್ರ ತಕರಾರಿಲ್ಲದ ತಗೋತಿದ್ರು. ಅಂದ್ರ ಮ್ಯಾಸಿಡೋನಿಯದ ರಾಜನ ವಿರುದ್ಧ ಮ್ಯಾಸಿಡೋನಿಯದ ರಾಜನ ಹೆಸರಿನ ನಾಣ್ಯ! ಅವರ ಬಂದರಿನ ಸುಂಕನ ವರ್ಷಕ್ಕ 10 ಲಕ್ಷ ಡ್ರಾಕ್ಮಾ ಬರ್ತಿತ್ತಂತ, ಮುಂದ ರೋಮಿನವರು ಡೆಲೋಸ್ ಬಂದರಿಗೆ ಸುಂಕ ಮಾಫಿ ಮಾಡಿದ ಮ್ಯಾಲೆ ಒಂದೂವರಿ ಲಕ್ಷಕ್ಕ ಇಳೀತು, ಆ ಊರಿನ ಕಥಿನ ಬ್ಯಾರೆ ಒಂದ್ ಸಲ ಬರೀಬೇಕು.

ವರಾಹಹೊನ್ನು:
ಇದು ನಮ್ಮಲ್ಲೂ ಆಗಿದೆ ಸರ್. ಹೈದರಾಲಿ ಬಿದನೂರು ಗೆದ್ದ ಮೇಲೆ ಹೊಡೆಸಿದ ವರಾಹದಲ್ಲಿ ಇಕ್ಕೇರಿಯವರ ಶಿವ ಪಾರ್ವತಿ ಹಾಗೇ ಇದ್ರು, ಹಿಂದೆ ಮಾತ್ರ ತನ್ನ ಹೆಸರಿನ ಮೊದಲಕ್ಷರ ಒಂದನ್ನ ಪರ್ಶಿಯನ್ ಲಿಪೀಲಿ ಹಾಕ್ಸಿದ. ಸಂತೇಲಿ ಜನಕ್ಕೆ ಆ ಚಿತ್ರದ ಮೇಲೆ ನಂಬಿಕೆ ಕೂತಿತ್ತು. ನಾನು ಇಕ್ಕೇರಿ ವರಾಹ, ಹೈದರನ ವರಾಹ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೀನಿ, ತಿರುಗಿಸೋ ತನಕ ಯಾವ್ದು ಯಾರದು ಅಂತ ಗೊತ್ತಾಗಲ್ಲ.

ತುಂಗಾತೀರ:
ಬೆಳಿಗ್ಗೆ ಅಂಗಳದಲ್ಲಿ ಕೂತು ನೋಡ್ದೆ. ಹೂವಿನ ಮೇಲೆ ಏಳು ಅಕ್ಷರ ಇದೆ. ಎ, ಐ, ಎನ್, ಎಚ್, ಟಿ, ಆಮೇಲೆ ಕುದುರೆ ಲಾಳದ ಥರ ಒಂದು, ಕೊನೇಲಿ ಅದೇ ಪಿ, ಅಂದ್ರೆ "ರ" ಅಲ್ವಾ?

ಟಂಕಸಾಲೆ:
ಹೌದು. ಎಚ್ ಥರ ಇರೋದು "ಏ", ಲಾಳದ ಥರ ಇರೋದು "ಓ". ಐನೇತೋರ್ ಅಂತ ಓದ್ಬೇಕು. ಟಂಕಸಾಲೆಯ ಹೊಣೆ ಹೊತ್ತಿದ್ದ ಅಧಿಕಾರಿ ಹೆಸರು, ರೋಡ್ಸಿನ ಈ ನಾಣ್ಯಗಳಲ್ಲಿ ಅವನ ಹೆಸರು ಗೊತ್ತಿರೋದೇ. ಇನ್ಮೇಲೆ ಬರೀ ಅಂಚು ಹಿಡ್ಕೊಂಡು ಎತ್ತಿ, ಪಿವಿಸಿ ಕವರಲ್ಲಿ ಮಾತ್ರ ಇಡ್ಬೇಡಿ, ಹಸಿರು ಅಂಟು ಬಿಟ್ಟು ಬೆಳ್ಳಿ ಹಾಳಾಗುತ್ತೆ.

ತುಂಗಾತೀರ:
ಐನೇತೋರ್ ಅಂತ ಒಂದು ಚೀಟೀಲಿ ಬರೆದು ಬಿಲ್ಲಿನ ಜೊತೆ ಇಟ್ಟೆ. ದೊಡ್ಡಪ್ಪನ ಪಾಸ್‌ಪೋರ್ಟಲ್ಲಿ ಗ್ರೀಸಿನ ಸೀಲ್ ಎರಡು ಸಲ ಬಿದ್ದಿದೆ, ಬಂದರು ಯಾವ್ದು ಅಂತ ದೊಡ್ಡಮ್ಮನ್ನ ಕೇಳ್ಬೇಕು.